ಶಾಲೆಯ ಟೆರೇಸಿನ ಕೀಲಿಗಾಗಿ ಒಂದು ಬಹಿರಂಗ ಪತ್ರ

ಮುಂಬಯಿ, ಠಾಣೆ, ಡೊಂಬಿವಲಿ ಕಡೆಯ ಕನ್ನಡ ಶಾಲೆಗಳ ಆಡಳಿತ ಮಂಡಳಿಗಳ ಹಿರಿಯರಿಗೆ, ಮುಖ್ಯೋಪಾಧ್ಯಾಯರಿಗೆ, ಶಿಕ್ಷಕ ಬಂಧುಗಳಿಗೆ ನಮಸ್ಕಾರ.

ಹೋದ ಚಳಿಗಾಲದಲ್ಲಿ ನಮ್ಮವರದೇ ಒಂದು ಶಾಲೆಯಲ್ಲಿ ‘ಆಕಾಶ ದರ್ಶನ’ ಎಂಬ ಕಾರ್ಯಕ್ರಮವಿತ್ತು. ಹಳೆಯ ವಿದ್ಯಾರ್ಥಿಗಳ ಪೈಕಿ ನಾಲ್ಕು ನಕ್ಷತ್ರಗಳ ಹೆಸರು ಬಲ್ಲವನೆಂದು ನನ್ನನ್ನೂ ಕರೆದಿದ್ದರು. ಸಮಯ ಬೆಳಿಗ್ಗೆ ಹನ್ನೊಂದು ಗಂಟೆ. ಕಿಟಕಿಗಳಿಗೆಲ್ಲ ಕಪ್ಪು ಕಾಗದ ಅಂಟಿಸಿ ಕತ್ತಲು ಮಾಡಿದ್ದರು. ಥರ್ಮೊಕೋಲಿನಲ್ಲಿ ಕತ್ತರಿಸಿದ ಐದು ಮೂಲೆಯ ನಕ್ಷತ್ರಗಳು ದಾರಕ್ಕೆ ನೇತಾಡುತ್ತಿದ್ದವು, ಫ್ಯಾನ್ ಹಾಕಿದರೆ ಉದುರುತ್ತವೆಂದು ಫ್ಯಾನನ್ನೂ ನಿಲ್ಲಿಸಿದ್ದರು. ಗೋಡೆಯ ಮೇಲೆ ದೊಡ್ಡದೊಂದು ನಕ್ಷತ್ರ ನಕಾಶೆ. ಐದನೆಯ ತರಗತಿಯ ಹುಡುಗಿಯೊಬ್ಬಳು ಅದರ ಮುಂದೆ ನಿಂತು ಬಹಳ ಹೊತ್ತು ನೋಡಿದಳು. ಆಮೇಲೆ ಕೇಳಿದಳು: ‘ಸರ್, ಇದರಲ್ಲಿ ಪೂರ್ವ ಎಡಗಡೆ ಇದೆಯಲ್ಲ? ಭೂಪಟದಲ್ಲಿ ಬಲಗಡೆ ಇರುತ್ತದೆ.’

‘ಮುದ್ರಣದ ತಪ್ಪಮ್ಮಾ’ ಎಂದರು ಶಿಕ್ಷಕರು.

ಅವರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಅವರು ಒಳ್ಳೆಯ ಶಿಕ್ಷಕರು, ಹುಡುಗಿ ನೋಡಿದಷ್ಟು ಗಮನವಿಟ್ಟು ನಕಾಶೆಯನ್ನು ಅವರು ನೋಡಿರಲಿಲ್ಲ, ಅಷ್ಟೇ. ಭೂಪಟ ಕಾಲ ಕೆಳಗಿನ ನೆಲದ ಚಿತ್ರ. ನಕ್ಷತ್ರ ನಕಾಶೆ ತಲೆಯ ಮೇಲಿನ ಬಾನಿನ ಚಿತ್ರ, ಅದನ್ನು ಗೋಡೆಗೆ ಮೊಳೆ ಹೊಡೆದು ನೇತುಹಾಕಿದರೆ ದಿಕ್ಕು ತಪ್ಪಿದಂತೆಯೇ ಕಾಣುತ್ತದೆ. ಎರಡೂ ಕೈಯಲ್ಲಿ ಹಿಡಿದು ತಲೆಯ ಮೇಲೆ ಎತ್ತಿ, ಅದರ ಉತ್ತರವನ್ನು ನಿಜವಾದ ಉತ್ತರಕ್ಕೆ ತಿರುಗಿಸಿ, ಕೆಳಗಿನಿಂದ ನೋಡಿದರೆ ಪೂರ್ವ ಪೂರ್ವಕ್ಕೇ ಬಂದು ಕೂರುತ್ತದೆ. ಹಾಗೆ ಎತ್ತಿ ಹಿಡಿಯಬೇಕಾದ ಜಾಗ ತರಗತಿಯಲ್ಲ, ಟೆರೇಸು. ಹಿಡಿಯಬೇಕಾದ ಹೊತ್ತು ರಾತ್ರಿ. ನಾನು ಕೇಳಲು ಹೊರಟಿರುವುದೂ ಅದನ್ನೇ. ವರ್ಷಕ್ಕೆ ನಾಲ್ಕು ಸಂಜೆ, ಏಳರಿಂದ ಎಂಟೂವರೆಯವರೆಗೆ, ಶಾಲೆಯ ಟೆರೇಸಿನ ಬೀಗ ತೆಗೆಸಿ.

ನಮ್ಮ ಮದುವೆಗಳಲ್ಲೂ ಹೀಗೇ ಆಗಿದೆ ನೋಡಿ. ಮಾಟುಂಗದ ಹವಾನಿಯಂತ್ರಿತ ಸಭಾಂಗಣದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ ಪುರೋಹಿತರು ಚಾವಣಿಯ ದೀಪಗುಚ್ಛದ ಕಡೆಗೆ ಕೈ ತೋರಿಸಿ ‘ಅಗೋ ಅರುಂಧತಿ’ ಎನ್ನುತ್ತಾರೆ. ಮದುಮಕ್ಕಳು ‘ಕಂಡಳು’ ಎನ್ನುತ್ತಾರೆ. ಊಟದ ಪಂಕ್ತಿಗೆ ಹೊತ್ತಾಗಿರುತ್ತದೆ, ಯಾರೂ ತಕರಾರು ಮಾಡುವುದಿಲ್ಲ.

ಅದೇ ಅರುಂಧತಿಯಿಂದಲೇ ನಾನು ಆಕಾಶ ಓದಲು ಕಲಿತದ್ದು. 1972ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಾರ್ಕಳದ ಹತ್ತಿರದ ಹಳ್ಳಿಯಿಂದ ಫೋರ್ಟಿನ ಹೋಟೆಲೊಂದಕ್ಕೆ ಬಂದೆ. ಹಗಲು ಮೋರಿಯಲ್ಲಿ ಕಪ್ಪು ಬಸಿ ತೊಳೆಯುವ ಕೆಲಸ, ಸಂಜೆ ಆರೂವರೆಗೆ ಕನ್ನಡ ರಾತ್ರಿ ಶಾಲೆ. ಒಂಬತ್ತೂವರೆಗೆ ಶಾಲೆ ಬಿಟ್ಟಾಗ ನಮ್ಮ ಗಣಿತದ ಮೇಷ್ಟ್ರು ಐದಾರು ಹುಡುಗರನ್ನು ಕ್ರಾಸ್ ಮೈದಾನದ ಬದಿಯಿಂದ ನಡೆಸಿಕೊಂಡು ಹೋಗುತ್ತಿದ್ದರು. ಅವರು ಹಗಲು ಬ್ಯಾಂಕಿನಲ್ಲಿ ಗುಮಾಸ್ತರು. ಮೈದಾನದ ನಡುವೆ ಆಗ ಒಳ್ಳೆಯ ಕತ್ತಲಿರುತ್ತಿತ್ತು. ಜನವರಿಯ ಒಂದು ರಾತ್ರಿ ತಲೆಯೆತ್ತಿ ‘ಮೇಲೆ ಏನು ಕಾಣುತ್ತದೆ?’ ಎಂದರು. ನಮ್ಮಲ್ಲೊಬ್ಬ, ಇಡ್ಲಿ ಸ್ಟೀಮರಿನ ಮುಂದೆ ಹಗಲೆಲ್ಲ ಬೆವರಿದವನು, ‘ಮೂರು ಇಡ್ಲಿ’ ಎಂದ. ಒಂದೇ ಸಾಲಿನಲ್ಲಿ, ಒಂದೇ ಅಳತೆಯಲ್ಲಿ, ಪ್ಲೇಟಿಗೆ ಹಾಕಿಟ್ಟ ಹಾಗೆ ಮೂರು ನಕ್ಷತ್ರಗಳು. ಮೇಷ್ಟ್ರು ನಗಲಿಲ್ಲ. ‘ಸರಿ, ಇಡ್ಲಿ. ಈಗ ಇಡ್ಲಿಯ ಸಾಲನ್ನು ಆಗ್ನೇಯಕ್ಕೆ ಎಳೆಯಿರಿ, ಏನು ಸಿಗುತ್ತದೆ?’ ಎಂದರು. ಸಿಕ್ಕಿದ್ದು ಲುಬ್ಧಕ, ರಾತ್ರಿಯ ನಕ್ಷತ್ರಗಳಲ್ಲೆಲ್ಲ ಹೆಚ್ಚು ಹೊಳೆಯುವಂಥದು. ‘ವಾಯವ್ಯಕ್ಕೆ ಎಳೆಯಿರಿ’ ಎಂದರು. ಕೆಂಪು ಛಾಯೆಯ ರೋಹಿಣಿ ಸಿಕ್ಕಿತು, ಅದೇ ದಾರಿಯಲ್ಲಿ ಮುಂದೆ ಹೋದರೆ ಕೃತ್ತಿಕೆಯ ಗೊಂಚಲು. ಮೂರು ಇಡ್ಲಿ ಹಿಡಿದು ಅರ್ಧ ಆಕಾಶ ದಾಟಿದೆವು. ಅದು ಮಹಾವ್ಯಾಧ ಎಂಬ ಬೇಟೆಗಾರನ ಸೊಂಟದ ಪಟ್ಟಿ ಎಂದು ಅವರು ಹೇಳಿದ್ದು ವಾರದ ಮೇಲೆ.

ಮಾರ್ಚಿಗೆ ಸಪ್ತರ್ಷಿ ಮಂಡಲ ಈಶಾನ್ಯದಲ್ಲಿ ಮೇಲೆ ಬಂತು. ಅದನ್ನು ಸೌಟು ಎನ್ನಲು ಹೋಟೆಲಿನ ಹುಡುಗರಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಸೌಟಿನ ಬಾಯಿಯ ತುದಿಯಲ್ಲಿರುವ ಎರಡು ನಕ್ಷತ್ರಗಳ ನಡುವಿನ ಅಂತರವನ್ನು ಐದು ಪಟ್ಟು ಮುಂದೆ ಎಳೆದರೆ ಧ್ರುವ. ಹಿಡಿಯ ತುದಿಯಿಂದ ಎರಡನೆಯದು ವಸಿಷ್ಠ. ‘ಮೊದಲು ಅವನನ್ನು ನೋಡಿ, ಕಣ್ಣು ಕೀಳಬೇಡಿ, ಪಕ್ಕದಲ್ಲಿ ಇನ್ನೊಂದು ಸಣ್ಣದು ಮಿಣುಕುತ್ತದೆ’ ಎಂದರು ಮೇಷ್ಟ್ರು. ಮಿಣುಕಿತು, ಅದೇ ಅರುಂಧತಿ. ಕಾಣುವ ದೊಡ್ಡದನ್ನು ಮೊದಲು ತೋರಿಸಿ, ಅದರ ಆಸರೆಯಲ್ಲಿ ಕಾಣದ ಸಣ್ಣದಕ್ಕೆ ಕಣ್ಣು ಒಯ್ಯುವುದಕ್ಕೆ ನಮ್ಮ ಶಾಸ್ತ್ರಕಾರರು ಅರುಂಧತೀ ನ್ಯಾಯ ಎಂದೇ ಹೆಸರಿಟ್ಟಿದ್ದಾರೆ. ವೇದಾಂತ ಹೇಳಲು ಅವರು ಬಳಸಿದ ಈ ದಾರಿಯನ್ನು ನಾವು ನಕ್ಷತ್ರ ತೋರಿಸಲಿಕ್ಕಾದರೂ ಬಳಸಬಾರದೇ? ಮಕ್ಕಳಿಗೆ ಎಂಬತ್ತೆಂಟು ನಕ್ಷತ್ರಪುಂಜಗಳ ಪಟ್ಟಿ ಬೇಕಿಲ್ಲ. ಆ ಎಂಬತ್ತೆಂಟರ ಗಡಿಗಳನ್ನು ಖಗೋಳಜ್ಞರ ಅಂತರರಾಷ್ಟ್ರೀಯ ಒಕ್ಕೂಟ 1928ರಲ್ಲಿ ಕೂತು ಒಪ್ಪಿಕೊಂಡದ್ದು. ಅದು ಜಮೀನಿನ ಸರ್ವೆ ಇದ್ದ ಹಾಗೆ, ಕಚೇರಿಗೆ ಬೇಕು, ಮಗುವಿಗಲ್ಲ.

‘ಮುಂಬಯಿಯಲ್ಲಿ ನಕ್ಷತ್ರ ಎಲ್ಲಿ ಕಾಣುತ್ತವೆ ಮಾರಾಯರೆ’ ಎಂದು ನನಗೆ ಹೇಳದವರಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಊರಿನ ಗದ್ದೆಯ ಬದುವಿನಲ್ಲಿ ಅಮಾವಾಸ್ಯೆಯ ರಾತ್ರಿ ನಿಂತರೆ ಒಂದೇ ಹೊತ್ತಿಗೆ ಎರಡು ಮೂರು ಸಾವಿರ ನಕ್ಷತ್ರಗಳು ಕಣ್ಣಿಗೆ ಬೀಳುತ್ತವೆ. ಹೊಸಬನಿಗೆ ಅದು ಸಂತೆ, ಯಾರು ಯಾರೆಂದು ಗೊತ್ತಾಗುವುದಿಲ್ಲ. ಮುಂಬಯಿಯ ದೀಪದ ಬೆಳಕು ಮತ್ತು ಹೊಗೆ ಸಣ್ಣವನ್ನೆಲ್ಲ ಒರೆಸಿಹಾಕಿ ದೊಡ್ಡವನ್ನು ಮಾತ್ರ ಉಳಿಸುತ್ತವೆ. ಇದು ನಗರದ ಪಾಪವೇ, ಸಮರ್ಥಿಸುವುದಿಲ್ಲ. ಆದರೆ ಅಕ್ಷರ ಕಲಿಯುವವನಿಗೆ ಈ ಒರೆಸಿದ ಸ್ಲೇಟೇ ಸಾಕು. ರೋಹಿಣಿ, ಆರ್ದ್ರಾ, ಲುಬ್ಧಕ, ಪುನರ್ವಸುವಿನ ಜೋಡಿ, ಇವು ಘಾಟ್ಕೋಪರಿನ ಟೆರೇಸಿನಿಂದಲೂ ಕಾಣುತ್ತವೆ. ಅರುಂಧತಿ ಈಗ ಕಾಣುವುದು ಕಷ್ಟ. ಅವಳನ್ನು ಮೇ ತಿಂಗಳಿಗೆ, ಊರಿಗೆ ಬಿಡೋಣ.

ಟೆರೇಸು ಕೇಳಿದಾಗ ನನಗೆ ಬಂದ ಉತ್ತರಗಳನ್ನೂ ಹೇಳಿಬಿಡುತ್ತೇನೆ. ಆರರ ಮೇಲೆ ಮಕ್ಕಳನ್ನು ನಿಲ್ಲಿಸಿಕೊಳ್ಳುವಂತಿಲ್ಲ, ಕಾವಲುಗಾರ ಒಬ್ಬನೇ ಇದ್ದಾನೆ, ಮೇಲೆ ನೀರಿನ ಟಾಕಿ ಇದೆ. ‘ಬೇಕಿದ್ದರೆ ದಾನಿಗಳನ್ನು ಹಿಡಿದು ಒಂದು ದೂರದರ್ಶಕ ಕೊಡಿಸಿ’ ಎಂದೂ ಹೇಳಿದರು. ಮೊದಲಿನವು ನ್ಯಾಯವಾದ ಚಿಂತೆಗಳು: ಪೋಷಕರಿಂದ ಒಪ್ಪಿಗೆ ಪತ್ರ, ಹತ್ತು ಮಕ್ಕಳಿಗೆ ಇಬ್ಬರು ದೊಡ್ಡವರು, ಗೋಡೆಯ ಅಂಚಿನಿಂದ ದೂರ ಚಾಪೆ, ಇಷ್ಟರಲ್ಲಿ ಮುಗಿಯುತ್ತದೆ. ದೂರದರ್ಶಕದ ಮಾತಿಗೆ ಮಾತ್ರ ನನಗೆ ಸಿಟ್ಟು ಬರುತ್ತದೆ. ಅದಕ್ಕೆ ಉದ್ಘಾಟನೆ ಇರುತ್ತದೆ, ಫೋಟೊ ಇರುತ್ತದೆ, ಮರುದಿನದಿಂದ ಕಪಾಟಿನ ವಾಸ ಇರುತ್ತದೆ. ಅದೂ ಇರಲಿ, ನಕ್ಷತ್ರಪುಂಜ ಕಲಿಸಲು ದೂರದರ್ಶಕದಿಂದ ಪ್ರಯೋಜನವೇ ಇಲ್ಲ. ಅದು ಚಂದ್ರನ ಕುಳಿಗೆ, ಶನಿಯ ಉಂಗುರಕ್ಕೆ ಸರಿ. ಸಪ್ತರ್ಷಿಯ ಏಳು ಜನ ಅದರ ಕಿಂಡಿಯಲ್ಲಿ ಒಟ್ಟಿಗೆ ಹಿಡಿಸುವುದಿಲ್ಲ. ಮೊಬೈಲಿನ ಆ್ಯಪ್ ಕೂಡ ಬೇಡ. ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಪರದೆ ಒಮ್ಮೆ ಬೆಳಗಿದರೆ ಅಷ್ಟೂ ಹೋಯಿತು. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿದರೆ ಸಾಕು.

ಶಾಲೆ ಸಿಗದಿದ್ದಾಗ ನಾನು ನಮ್ಮ ಹೌಸಿಂಗ್ ಸೊಸೈಟಿಯ ಕಾರ್ಯದರ್ಶಿಗೆ ಗಂಟುಬಿದ್ದೆ. ‘ಪಾರ್ಟಿ ಮಾಡುವುದಿಲ್ಲ, ಧ್ವನಿವರ್ಧಕ ಹಾಕುವುದಿಲ್ಲ’ ಎಂದು ಬರೆಸಿಕೊಂಡು ಕೀಲಿ ಕೊಟ್ಟರು. ಜನವರಿಯ ಮೂರನೆಯ ವಾರ, ಸಂಕ್ರಾಂತಿಯ ಗಾಳಿಪಟದ ಮಾಂಜಾ ದಾರ ಟೆರೇಸಿನ ತುಂಬ ಇನ್ನೂ ಸಿಕ್ಕುಸಿಕ್ಕಾಗಿ ಬಿದ್ದಿತ್ತು. ಗುಡಿಸಿ, ಚಾಪೆ ಹಾಸಿ, ಹನ್ನೊಂದು ಮಕ್ಕಳನ್ನು ಅಂಗಾತ ಮಲಗಿಸಿದೆ. ಏಳೂವರೆಗೆ ಮಹಾವ್ಯಾಧ ಪೂರ್ವದಲ್ಲಿ ಅರ್ಧ ಏರಿದ್ದ. ನಾನು ‘ನೋಡಿ, ಬೇಟೆಗಾರ’ ಎಂದೆನೋ ಇಲ್ಲವೋ, ನೆಲಮಹಡಿಯ ಮರಾಠಿ ಹುಡುಗ ಎದ್ದು ಕೂತು ‘ಹೆ ತರ್ ಮೃಗ ಆಹೆ ಆಜೋಬಾ!’ ಎಂದ. ಬೇಟೆಗಾರನಲ್ಲವಂತೆ, ಜಿಂಕೆಯಂತೆ.

ಇಬ್ಬರೂ ಸರಿ. ನಮ್ಮ ಕನ್ನಡದ ಪುಸ್ತಕಗಳಲ್ಲಿ ಆ ಇಡೀ ಆಕಾರ ಮಹಾವ್ಯಾಧ, ಲುಬ್ಧಕ ಅವನ ಹಿಂದಿನ ನಾಯಿಯ ಪುಂಜದಲ್ಲಿರುವ ನಕ್ಷತ್ರ. ಮರಾಠಿಯಲ್ಲಿ ಆ ಆಕಾರವೇ ಮೃಗ. ಬೇಟೆಗಾರ ಆ ಕೆಳಗಿನ ಲುಬ್ಧಕ, ಅವರು ಅದನ್ನು ವ್ಯಾಧ ಎನ್ನುತ್ತಾರೆ. ನಡುವಿನ ಮೂರು ನಕ್ಷತ್ರ ಜಿಂಕೆಯ ಹೊಟ್ಟೆಗೆ ನೆಟ್ಟ ಬಾಣ. ನಮ್ಮ ಬೇಟೆಗಾರ ಅವರ ಬೇಟೆ! ಯೋಚಿಸಿದರೆ ಮರಾಠಿಯವರ ಕಥೆಯೇ ಹಳೆಯದಕ್ಕೆ ಹತ್ತಿರ. ಲುಬ್ಧಕ ಎಂಬ ಸಂಸ್ಕೃತ ಪದದ ಅರ್ಥವೇ ಬೇಟೆಗಾರ, ಆ ಆಕಾರದ ತಲೆಯ ಭಾಗಕ್ಕೆ ನಾವೂ ಮೃಗಶಿರ ಎಂದೇ ಹೇಳುತ್ತೇವೆ. ಬೇಟೆಗಾರನ ಹೆಗಲ ಮೇಲೆ ಜಿಂಕೆಯ ತಲೆ ಹೇಗೆ ಬಂತೆಂದು ನಾವು ಯಾರೂ ಕೇಳಿಕೊಂಡಿಲ್ಲ.

ಆಮೇಲೆ ಜಗಳ ವಾಯವ್ಯಕ್ಕೆ ಹೊರಳಿತು. ಅಲ್ಲಿ ಇಂಗ್ಲಿಷಿನ ‘ಡಬ್ಲ್ಯು’ ಆಕಾರದ ಐದು ನಕ್ಷತ್ರಗಳು. ಕನ್ನಡದಲ್ಲಿ ಅದು ಕುಂತಿ, ಹತ್ತಿರದಲ್ಲಿ ದ್ರೌಪದಿ ಮತ್ತು ಪಾರ್ಥ. ಹುಡುಗ ಹೇಳಿದ, ಅದು ಶರ್ಮಿಷ್ಠಾ, ಆಚೆ ದೇವಯಾನಿ, ಈಚೆ ಯಯಾತಿ. ಅದೇ ಚುಕ್ಕಿಗಳಿಗೆ ನಾವು ಒಂದು ಸಂಸಾರ ಕಟ್ಟಿದೆವು, ಅವರು ಇನ್ನೊಂದು. ಆ ರಾತ್ರಿ ಮನೆಗೆ ಬಂದು ಯೋಚಿಸಿದೆ: ಶರ್ಮಿಷ್ಠೆಯ ಮಗ ಪೂರು, ಪೂರುವಿನ ವಂಶದಲ್ಲಿ ಪಾಂಡು, ಪಾಂಡುವಿನ ಹೆಂಡತಿ ಕುಂತಿ. ದೇವಯಾನಿಯ ಮಗ ಯದು, ಯದುವಿನ ವಂಶದಲ್ಲಿ ಶೂರಸೇನ, ಶೂರಸೇನನ ಮಗಳು ಕುಂತಿ. ಅಂದರೆ ಕನ್ನಡದ ಕುಂತಿ ಮರಾಠಿಯ ಶರ್ಮಿಷ್ಠೆಯ ಮನೆಗೆ ಸೊಸೆ, ದೇವಯಾನಿಯ ಮನೆಯ ಮಗಳು! ಎರಡು ಭಾಷೆಯ ನಡುವೆ ಬೆಳೆಯುವ ನಮ್ಮ ಮುಂಬಯಿ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವ ಪುಸ್ತಕದಲ್ಲಿದೆ?

ಚುಕ್ಕಿ ನಿಜ, ಗೆರೆ ನಾವು ಎಳೆದದ್ದು ಎಂಬುದು ಮಕ್ಕಳಿಗೆ ಮಾತಿನಲ್ಲಿ ಹೇಳಿದರೆ ಹತ್ತುವುದಿಲ್ಲ. ಏಳು ಮಕ್ಕಳ ಕೈಗೆ ಟಾರ್ಚು ಕೊಟ್ಟು ಸಪ್ತರ್ಷಿಯಾಗಿ ನಿಲ್ಲಿಸಿದೆ. ಆ ಏಳರಲ್ಲಿ ಐದು ನಮ್ಮಿಂದ ಸುಮಾರು 80 ಜ್ಯೋತಿರ್ವರ್ಷ (ಒಂದು ಜ್ಯೋತಿರ್ವರ್ಷ ಎಂದರೆ ಬೆಳಕು ಒಂದು ವರ್ಷದಲ್ಲಿ ಸಾಗುವಷ್ಟು) ದೂರದಲ್ಲಿ ಒಟ್ಟಾಗಿ ಚಲಿಸುತ್ತಿರುವ ಒಂದೇ ಗುಂಪು. ಹಿಡಿಯ ತುದಿಯ ಮರೀಚಿ ಸುಮಾರು 104, ಬಾಯಿಯ ತುದಿಯ ಕ್ರತು ಸುಮಾರು 123 ಜ್ಯೋತಿರ್ವರ್ಷ. ಹತ್ತು ಜ್ಯೋತಿರ್ವರ್ಷಕ್ಕೆ ಒಂದು ಹೆಜ್ಜೆ ಎಂದು ಅಳೆದೆವು. ಐವರು ಎಂಟು ಹೆಜ್ಜೆಯಲ್ಲಿ, ಮರೀಚಿ ಹತ್ತೂವರೆಯಲ್ಲಿ, ಕ್ರತು ಹನ್ನೆರಡರಲ್ಲಿ, ಟಾಕಿಯ ಪೈಪಿಗೆ ಬೆನ್ನು ಹತ್ತಿಸಿ. ಬಾಗಿಲ ಬಳಿಯಿಂದ ನೋಡಿದರೆ ಟಾರ್ಚುಗಳು ಸೌಟಿನಂತೆ ಕಂಡವು. ಉಳಿದವರನ್ನು ಗೋಡೆಯ ಮೂಲೆಗೆ ಕರೆದುಕೊಂಡು ಹೋದೆ. ಸೌಟು ಮುರಿಯಿತು. ‘ಸೌಟು ಎಲ್ಲಿ ಹೋಯಿತು?’ ಎಂದು ಚಿಕ್ಕವನೊಬ್ಬ ಅಳುವ ಹಾಗೆ ಕೇಳಿದ.

ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ನಮ್ಮ ಮಕ್ಕಳು ಹೆಸರು, ರಾಶಿ, ನಕ್ಷತ್ರ ಗಡಗಡ ಹೇಳುತ್ತಾರೆ. ಮೂರನೆಯ ಮಹಡಿಯ ಹುಡುಗಿ ರೋಹಿಣಿ ನಕ್ಷತ್ರದವಳು. ‘ಅಗೋ ನಿನ್ನದು’ ಎಂದಾಗ ಅವಳು ಮೊದಲು ನಂಬಲಿಲ್ಲ, ಅದು ಪಂಚಾಂಗದಲ್ಲಿರುವ ವಸ್ತುವೆಂದೇ ತಿಳಿದಿದ್ದಳು. ಅವಳು ಹುಟ್ಟಿದ ದಿನ ಚಂದ್ರ ಆ ನಕ್ಷತ್ರದ ಮಗ್ಗುಲಲ್ಲಿದ್ದ, ಅಷ್ಟೇ ಅದರ ಅರ್ಥ. ಚಂದ್ರ ಸುಮಾರು 27 ದಿನಕ್ಕೆ ಒಂದು ಸುತ್ತು ಬರುವುದರಿಂದ ದಿನಕ್ಕೊಂದರಂತೆ 27 ತಂಗುದಾಣ. ಜಾತಕದವರ ಅನ್ನಕ್ಕೆ ಕಲ್ಲು ಹಾಕುವ ಉದ್ದೇಶ ನನಗಿಲ್ಲ, ಅವರು ಮಾಡಿಸಿದ ಬಾಯಿಪಾಠವನ್ನೇ ಹಿಡಿದು ಮಗುವನ್ನು ಟೆರೇಸಿಗೆ ಹತ್ತಿಸಬಹುದು ಎನ್ನುತ್ತಿದ್ದೇನೆ. ತಿಂಗಳ ಹೆಸರುಗಳೂ ಹಾಗೇ. ಹುಣ್ಣಿಮೆಯ ಚಂದ್ರ ಕೃತ್ತಿಕೆಯ ಹತ್ತಿರವಿದ್ದರೆ ಕಾರ್ತಿಕ, ಮೃಗಶಿರದ ಹತ್ತಿರವಿದ್ದರೆ ಮಾರ್ಗಶಿರ, ಮಘಾದ ಹತ್ತಿರವಿದ್ದರೆ ಮಾಘ. ಎರಡು ಹುಣ್ಣಿಮೆ ನೋಡಿದ ಮಗು ಉಳಿದದ್ದನ್ನು ತಾನೇ ಊಹಿಸುತ್ತದೆ. ಆದರೆ ಮಳೆಯ ಹೆಸರಿನ ಲೆಕ್ಕ ಬೇರೆ. ‘ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ’ ಎಂದು ಅಜ್ಜಂದಿರು ಹೇಳುವ ಜೂನಿನ ಕೊನೆಯ ಆ ಮಳೆಯಲ್ಲಿ ಆರ್ದ್ರೆಯ ಬಳಿ ಇರುವವನು ಚಂದ್ರನಲ್ಲ, ಸೂರ್ಯ. ಮೋಡ ಇಲ್ಲದಿದ್ದರೂ ಆಗ ಆ ನಕ್ಷತ್ರ ರಾತ್ರಿ ಕಾಣದು, ಸೂರ್ಯನ ಜೊತೆಗೇ ಮುಳುಗಿರುತ್ತದೆ. ಕಾಣದ ನಕ್ಷತ್ರದ ಹೆಸರನ್ನು ಮಳೆಗೆ ಇಟ್ಟವರು ಆಕಾಶವನ್ನು ವರ್ಷಪೂರ್ತಿ ಎಷ್ಟು ಜತನದಿಂದ ಗಮನಿಸಿರಬೇಕು!

ಎಂಟೂವರೆ ವರ್ಷದ ಒಬ್ಬನಿಗೆ ಲುಬ್ಧಕವನ್ನು ಒಪ್ಪಿಸಿದೆ. ಅದರ ದೂರ 8.6 ಜ್ಯೋತಿರ್ವರ್ಷ, ಅವನು ಹುಟ್ಟಿದ ಹೊತ್ತಿಗೆ ಹೊರಟ ಬೆಳಕು ಈಗ ಕಣ್ಣಿಗೆ ಬರುತ್ತಿದೆ. ಆಮೇಲೆ ಎಲ್ಲರಿಗೂ ಒಂದೊಂದು ಬೇಕಾಯಿತು. ಪುನರ್ವಸುವಿನ ಜೋಡಿಯಲ್ಲಿ ಹೆಚ್ಚು ಹೊಳೆಯುವುದು 34, ಅದು ಒಬ್ಬಳ ಅಮ್ಮನಿಗೆ. ರೋಹಿಣಿ 65ರ ಆಸುಪಾಸು, ಅಜ್ಜಿಗೆ. ಮಘಾ 79, ಊರಿನಲ್ಲಿರುವ ಅಜ್ಜನಿಗೆ. ನನಗೆ 67 ವರ್ಷ, ಅಜ್ಜಿಯ ರೋಹಿಣಿಯಲ್ಲೇ ಪಾಲು ಮಾಡಿಕೊಳ್ಳಬೇಕಾಯಿತು.

ಇನ್ನೊಂದು ಮಾತು ಮುಂಬಯಿಗೇ ಸೇರಿದ್ದು. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಮಗುವಿನ ಮುಷ್ಟಿ ಸಣ್ಣದಾದರೂ ತೋಳೂ ಗಿಡ್ಡವೇ, ಲೆಕ್ಕ ಸರಿಹೋಗುತ್ತದೆ. ಧ್ರುವ ನಕ್ಷತ್ರ ನಾವು ನಿಂತ ಊರಿನ ಅಕ್ಷಾಂಶದಷ್ಟೇ ಎತ್ತರದಲ್ಲಿರುತ್ತದೆ, ಮುಂಬಯಿಗೆ 19 ಡಿಗ್ರಿ. ಫೆಬ್ರುವರಿ ಮಧ್ಯದಲ್ಲಿ ರಾತ್ರಿ ಒಂಬತ್ತಕ್ಕೆ ನೇರ ದಕ್ಷಿಣದಲ್ಲಿ ಅಗಸ್ತ್ಯ ನಕ್ಷತ್ರ ಸುಮಾರು 18 ಡಿಗ್ರಿ ಎತ್ತರದಲ್ಲಿರುತ್ತದೆ. ಉತ್ತರಕ್ಕೆ ಎರಡು ಮುಷ್ಟಿ ಧ್ರುವ, ದಕ್ಷಿಣಕ್ಕೆ ಎರಡು ಮುಷ್ಟಿ ಅಗಸ್ತ್ಯ, ತಕ್ಕಡಿಯ ಎರಡು ತಟ್ಟೆಗಳ ಹಾಗೆ, ಕಟ್ಟಡಗಳು ಅಡ್ಡ ಬರದಿದ್ದರೆ. ಮತ್ಸ್ಯಗಂಧ ರೈಲಿನಲ್ಲಿ ಕೂತು ಉಡುಪಿಗೆ ಹೋದರೆ ಧ್ರುವ ಹದಿಮೂರು ಚಿಲ್ಲರೆ ಡಿಗ್ರಿಗೆ ಇಳಿಯುತ್ತದೆ, ಅಗಸ್ತ್ಯ ಇಪ್ಪತ್ತನಾಲ್ಕಕ್ಕೆ ಏರಬಲ್ಲುದು. ಅದಕ್ಕೇ ಬೇಸಿಗೆ ರಜೆಗೆ ಬೇರೆ ಮನೆಪಾಠ ಬೇಡ. ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ಸ್ಟ್ರಾ, ದಾರದ ತುದಿಗೆ ಒಂದು ನಟ್ಟು ಕಟ್ಟಿಕೊಂಡು ಇಲ್ಲಿಂದ ಒಮ್ಮೆ, ಅಜ್ಜನ ಅಂಗಳದಿಂದ ಒಮ್ಮೆ ಧ್ರುವವನ್ನು ಅಳೆಯಲಿ. ವ್ಯತ್ಯಾಸವನ್ನು ಡಿಗ್ರಿಗೆ 111 ಕಿಲೋಮೀಟರಿನಂತೆ ಗುಣಿಸಿದರೆ ಉಡುಪಿ ಮುಂಬಯಿಗಿಂತ ಎಷ್ಟು ದಕ್ಷಿಣಕ್ಕಿದೆ ಎಂಬುದು ಕೈಗೆ ಬರುತ್ತದೆ. ಸುಮಾರು 630 ಬರಬೇಕು. ಒಂದು ಡಿಗ್ರಿ ತಪ್ಪಿದರೆ ಊರು ನೂರಾ ಹನ್ನೊಂದು ಕಿಲೋಮೀಟರ್ ಆಚೀಚೆ ಹೋಗುತ್ತದೆ, ಹೋಗಲಿ. ಮೇ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಗೆ ಅದೇ ಅಂಗಳದಿಂದ ದಕ್ಷಿಣದಲ್ಲಿ ತ್ರಿಶಂಕುವಿನ ನಾಲ್ಕು ನಕ್ಷತ್ರ ಕಾಣುತ್ತವೆ, ತೆಂಗಿನ ಮರಗಳು ಬಿಟ್ಟರೆ.

ತೋರಿಸುವವರಿಗೆ ಇಲ್ಲಿ ಬರವಿಲ್ಲ. ವರ್ಲಿಯ ನೆಹರೂ ತಾರಾಲಯ 1977ರ ಮಾರ್ಚ್‌ನಲ್ಲಿ ತೆರೆದಾಗ ನಮ್ಮ ಮೇಷ್ಟ್ರು ತಮ್ಮ ಖರ್ಚಿನಲ್ಲಿ ನಮ್ಮನ್ನು ಕರೆದೊಯ್ದಿದ್ದರು. ಪುಣೆಯ ಜ್ಯೋತಿರ್ವಿದ್ಯಾ ಪರಿಸಂಸ್ಥೆ 1944ರಿಂದ ಇದೆ. ಮುಂಬಯಿಯ ಖಗೋಳ ಮಂಡಲದವರು ನಗರದಾಚೆಯ ವಾಂಗಣಿಗೆ ಕರೆದುಕೊಂಡು ಹೋಗಿ ಇಡೀ ರಾತ್ರಿ ತೋರಿಸುತ್ತಾರೆ. ಮಕ್ಕಳನ್ನು ಅಲ್ಲಿಗೂ ಕಳಿಸಿ. ಆದರೆ ದಿನಾ ಓಡಾಡುವ ಶಾಲೆಯ ನೆತ್ತಿಯ ಮೇಲೆಯೇ ಮೃಗಶಿರ ಹಾಯುತ್ತದೆ ಎಂದು ಶಾಲೆಯಲ್ಲೇ ಗೊತ್ತಾಗಬೇಕು, ಕನ್ನಡದಲ್ಲೇ ಗೊತ್ತಾಗಬೇಕು.

ನವೆಂಬರಿನಿಂದ ಫೆಬ್ರುವರಿಯವರೆಗೆ ತಿಂಗಳಿಗೊಂದು ಶನಿವಾರ, ಅಮಾವಾಸ್ಯೆಯ ಹತ್ತಿರದ್ದು, ಗೊತ್ತುಮಾಡಿ ಹೇಳಿ. ಚಾಪೆ, ಕೆಂಪು ಕಾಗದ ಸುತ್ತಿದ ಟಾರ್ಚು ನಾನು ತರುತ್ತೇನೆ. ಕಾವಲುಗಾರನಿಗೆ ಆ ಹೊತ್ತಿನ ಚಹಾ ನನ್ನ ಕಡೆಯಿಂದ. ಆ ಐದನೆಯ ತರಗತಿಯ ಹುಡುಗಿ ಈಗ ಆರನೆಯದರಲ್ಲಿರಬೇಕು, ಅವಳನ್ನು ತಪ್ಪದೆ ಕರೆಸಿ. ಗೋಡೆಯ ಮೇಲಿನ ನಕಾಶೆಯನ್ನೂ ಮೊಳೆ ಕಿತ್ತು ಮೇಲಕ್ಕೆ ತರಿಸಿಡಿ.

ಇತಿ ನಿಮ್ಮ ವಿಶ್ವಾಸಿ,
ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿ
ಡೊಂಬಿವಲಿ